ಹಂಪಮ್ಮನ ಅರ್ಜಿಗೆ ಹದಿಮೂರು ಅಕ್ಷರ

ಹಗರಿಬೊಮ್ಮನಹಳ್ಳಿಯ ಕಚೇರಿಗಳೊಳಗೆ ಯಾವ ಅರ್ಜಿ ಹೋಗಬೇಕಾದರೂ ಅದು ಮೊದಲು ಬೇವಿನ ಮರದ ಕೆಳಗೆ, ಸೋಮಪ್ಪನ ಮೇಜಿನ ಮೇಲೆ ಹುಟ್ಟಬೇಕಿತ್ತು. ಇಪ್ಪತ್ತೆರಡು ವರ್ಷದಿಂದ ಅವನು ಅಲ್ಲಿ ಕೂತು ಅರ್ಜಿ ಬರೆಯುತ್ತಿದ್ದ. ಕೂರಿಗೆ ಹಿಡಿದು ಜೋಳ ಬಿತ್ತಿದಂತೆ ಸಾಲಿಗೆ ಸಾಲು ನೆಟ್ಟಗೆ ಬರುವ ಅಕ್ಷರ. ಅವನ ಕನ್ನಡದಲ್ಲಿ ಯಾರೂ ಹೆಸರಿಡುವಂತಿರಲಿಲ್ಲ. ಇಂಗ್ಲಿಷಿನ ಕಥೆ ಬೇರೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಮೊದಲ ಸಲ ಹತ್ತೊಂಬತ್ತು ಬಂದಿತ್ತು, ಎರಡನೆಯ ಸಲ ಇಪ್ಪತ್ತಮೂರು, ಮೂರನೆಯ ಸಲ ಇಪ್ಪತ್ತೊಂದು. ಏರಿದ್ದು ಮತ್ತೆ ಇಳಿದದ್ದನ್ನು ಕಂಡು, ಇದು ತನ್ನ ಕೈಗೆ ಹತ್ತುವ ವಿದ್ಯೆಯಲ್ಲವೆಂದು ತಿಳಿದು ಬಿಟ್ಟುಬಿಟ್ಟಿದ್ದ.

ಇಂಥ ಸೋಮಪ್ಪ ಒಂದು ವರ್ಷ ಕಾಲ ಆ ಸೀಮೆಗೆಲ್ಲ ಇಂಗ್ಲಿಷ್ ಪಂಡಿತನಾಗಿ ಮೆರೆದ ಎಂದರೆ ಅದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಶುರುವಾದದ್ದು ಬೊಮ್ಮಪ್ಪನೆಂಬ ರೈತನ ಖಾತೆಯಿಂದ. ಅಪ್ಪನ ಹೊಲ ನಾಲ್ಕು ವರ್ಷವಾದರೂ ಬೊಮ್ಮಪ್ಪನ ಹೆಸರಿಗೆ ಆಗಿರಲಿಲ್ಲ. ಏಳನೆಯ ಅರ್ಜಿ ಬರೆಯುವಾಗ ಸೋಮಪ್ಪನಿಗೆ ತನ್ನ ವಾಕ್ಯಗಳ ಮೇಲೆ ತನಗೇ ಬೇಸರ ಬಂತು. ತಲೆ ಎತ್ತಿದರೆ ಎದುರಿನ ಗೋಡೆಯ ಬೋರ್ಡಿನಲ್ಲಿ ‘ಅಡ್ಮಿನಿಸ್ಟ್ರೇಷನ್’ ಎಂಬ ಪದ ಕಂಡಿತು. ಅದನ್ನೇ ಅರ್ಜಿಯ ನಡುವೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಇಳಿಸಿ, ಕೆಳಗೊಂದು ಕೆಂಪು ಗೆರೆ ಎಳೆದ. ಎಂಟು ದಿನಕ್ಕೆ ಖಾತೆ ಆಯಿತು. ಕಾಗದ ಹಿಡಿದುಕೊಂಡು ಕೂತಿದ್ದ ಗುಮಾಸ್ತ ಅದೇ ವಾರ ವರ್ಗವಾಗಿ ಹೋಗಿದ್ದನೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವನನ್ನು ಎಬ್ಬಿಸಿ ಕಳಿಸಿದ್ದೂ ಆ ಪದವೇ ಎಂದು ಬೊಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದ. ಮರುವಾರದಿಂದ ಬಂದವರೆಲ್ಲ ತಮ್ಮ ಅರ್ಜಿಗೂ ಒಂದು ಉದ್ದನೆಯ ಇಂಗ್ಲಿಷ್ ಪದ ಬೇಕೆಂದು ಕೇಳತೊಡಗಿದರು.

ಅದಕ್ಕೆ ಶಾಸ್ತ್ರದ ಬಲ ಕೊಟ್ಟವನು ಗಾದಿಲಿಂಗಪ್ಪ. ಅದೇ ಮರದ ಕೆಳಗೆ ಛಾಪಾ ಕಾಗದ ಮಾರುತ್ತಿದ್ದ ಅವನು ಬಿಡುವಿನಲ್ಲಿ ಪಂಚಾಂಗ ತೆಗೆದು ಹೆಸರುಬಲ ನೋಡುತ್ತಿದ್ದ. ಗಂಡು ಹೆಣ್ಣಿಗೆ ನೋಡುವುದಂತೂ ಇದ್ದದ್ದೇ. ಹೊಸ ಎತ್ತು ಕೊಳ್ಳುವವರು, ಬೋರು ಹಾಕಿಸುವವರು ಕೂಡ ಅವನಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಬರುತ್ತದೆಯೋ ಎಂದು ಕೇಳಿಯೇ ಮುಂದುವರಿಯುತ್ತಿದ್ದರು. ಅವನೊಂದು ದಿನ ಎಲೆಅಡಿಕೆ ಮೆಲ್ಲುತ್ತ ಹೇಳಿದ:

“ಎತ್ತು ತರೋವಾಗ ಹೆಸರುಬಲ ನೋಡ್ತೀವಿ, ಬಾವಿ ತೋಡೋವಾಗ ನೋಡ್ತೀವಿ, ಅರ್ಜಿ ಕೊಡೋವಾಗ ಯಾಕ ನೋಡಬಾರ್ದಲೇ ಸೋಮಾ? ಕೊಡಾವ ಒಂದೆತ್ತು, ತಗೊಳ್ಳೋ ಸಾಹೇಬ ಒಂದೆತ್ತು. ನಿನ್ನ ಇಂಗ್ಲಿಷ್ ಪದ ಐತಲ್ಲ, ಅದು ನೊಗ. ಇಬ್ಬರ ಅಕ್ಷರನೂ ಅದರಾಗ ಇರಬೇಕು. ನೊಗ ಉದ್ದ ಇದ್ದಷ್ಟೂ ಚಲೋ, ಒಂದಕ್ಕೊಂದು ಹಾಯಂಗಿಲ್ಲ.”

ಸೋಮಪ್ಪನಿಗೆ ಇದು ಪೂರ್ತಿ ಮನವರಿಕೆಯಾಯಿತು. ಹೊಸಪೇಟೆಗೆ ಹೋಗಿ ಇಟ್ಟಿಗೆಯಷ್ಟು ದಪ್ಪದ ಹಳೆಯ ಇಂಗ್ಲಿಷ್–ಕನ್ನಡ ನಿಘಂಟು ತಂದ. ಪುಟದ ಎಡಕ್ಕೆ ಪದ, ಬಲಕ್ಕೆ ಅರ್ಥ. ಅರ್ಥದ ಕಡೆ ಕಣ್ಣು ಹೋದರೆ ಅಕ್ಷರದ ಎಣಿಕೆ ತಪ್ಪುತ್ತಿತ್ತು. ಅದಕ್ಕೆ ಬಲಗಡೆಯ ಭಾಗವನ್ನು ಒಂದು ಅಗಲ ಮರದ ಪಟ್ಟಿಯಿಂದ ಮುಚ್ಚಿಕೊಂಡು ಎಡಗಡೆಯಷ್ಟನ್ನೇ ಬೆರಳಿಟ್ಟು ಹುಡುಕುವುದನ್ನು ರೂಢಿ ಮಾಡಿಕೊಂಡ. ಅರ್ಜಿದಾರನ ಅಕ್ಷರದಿಂದ ಹೊರಟು, ನಡುವೆ ಸಾಹೇಬರ ಅಕ್ಷರ ಸಿಕ್ಕು, ಆದಷ್ಟು ಉದ್ದಕ್ಕೆ ಹೋಗುವ ಪದ ಬೇಕು. ಮೊದಲೆಲ್ಲ ಎದುರು ಕೂತವರನ್ನು ಏನಾಗಬೇಕೆಂದು ಕೇಳುತ್ತಿದ್ದವನು ಈಗ ಯಾವ ಅಕ್ಷರವೆಂದು ಕೇಳತೊಡಗಿದ. ಸಾಹೇಬರು ಬದಲಾದರೆ ಹಳೆಯ ಅರ್ಜಿಗಳೆಲ್ಲ ನಿಷ್ಫಲವಾಗಿ, ಜನ ಹೊಸ ಪದಕ್ಕೆ ಮತ್ತೆ ಸಾಲು ಹಚ್ಚುತ್ತಿದ್ದರು. ಕೊಟ್ಟೂರಿನವರು, ಚಿಗಟೇರಿಯವರು ತಮ್ಮ ತಾಲೂಕಿನ ಮರಗಳನ್ನು ಬಿಟ್ಟು ಇಲ್ಲಿಗೆ ಬಂದರು. ಮನೆಯಲ್ಲಿ ಹೆಂಡತಿ ಕಲ್ಯಾಣಮ್ಮ ಸಾರು ಬಡಿಸಿದರೆ ಅವನು ಸಾರಿನಲ್ಲಿ ಬೆರಳಾಡಿಸುತ್ತ ಎಸ್ಸಿನಿಂದ ಕೆಯವರೆಗೆ ಹೋಗಿಬರುತ್ತಿದ್ದ. ಊಟದ ಹೊತ್ತಿಗಾದರೂ ಆ ಎತ್ತುಗಳನ್ನು ಬಿಚ್ಚಿ ಕಟ್ಟಿರೆಂದು ಅವಳು ಕೇಳಿಕೊಂಡಳು.

ಜೋಗಪ್ಪನ ಪ್ರಕರಣ ನಡೆದಾಗಲಾದರೂ ಎಚ್ಚರಾಗಬೇಕಿತ್ತು. ಪಕ್ಕದ ಮನೆಯವನು ಚರಂಡಿಗೆ ಕಲ್ಲು ಅಡ್ಡ ಇಟ್ಟದ್ದರಿಂದ ನೀರು ತನ್ನ ಅಂಗಳಕ್ಕೆ ನುಗ್ಗುತ್ತಿದೆ ಎಂಬುದು ಜೋಗಪ್ಪನ ದೂರು. ತಹಶೀಲ್ದಾರರ ಹೆಸರು ಕರಿಸಿದ್ದಪ್ಪ. ಜೆ ಮತ್ತು ಕೆ ಒಟ್ಟಿಗಿರುವ ಪದ ಸಿಗುವುದು ಕಷ್ಟ. ಒಂದೂವರೆ ದಿನ ಹುಡುಕಿದ ಮೇಲೆ ಕೆ ಎರಡೆರಡು ಸಲ ಬರುವ ‘ಜ್ಯಾಕ್‌ನೈಫ್’ ಸಿಕ್ಕಿತು. ಒಂಬತ್ತೇ ಅಕ್ಷರ, ಇರಲಿ ಎಂದು ಹಾಕಿದ. ನಾಲ್ಕನೆಯ ದಿನ ಪೊಲೀಸಿನವನು ಜೋಗಪ್ಪನ ಮನೆಗೆ ಬಂದು, ಸಾಹೇಬರಿಗೆ ಬರೆದ ಆ ಚಾಕು ಎಲ್ಲಿ, ತೋರಿಸು ಎಂದ. ಜೋಗಪ್ಪ ಮನೆಯಲ್ಲಿದ್ದ ಹರಿತದ ವಸ್ತು ಅದೊಂದೇ ಎಂದು ಅಡಕೊತ್ತು ತಂದುಕೊಟ್ಟ. ಪೊಲೀಸಿನವನು ಅದನ್ನು ಹಿಂದೆಮುಂದೆ ತಿರುಗಿಸಿ, ಒಂದು ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಂಡು ಹೋದ. ಬಾಗಿಲಿಗೆ ಪೊಲೀಸರು ಬಂದದ್ದನ್ನು ಕಂಡ ಪಕ್ಕದವನು ಸಂಜೆಯೊಳಗೆ ಚರಂಡಿಯ ಕಲ್ಲು ತೆಗೆದ. ಕರೆಯದೆಯೇ ಸರಕಾರ ಮನೆ ಬಾಗಿಲಿಗೆ ಬಂತಲ್ಲ ಎಂದು ಗಾದಿಲಿಂಗಪ್ಪ ಆ ಪದದ ಶಕ್ತಿಯನ್ನು ಕೊಂಡಾಡಿದ. ಸೋಮಪ್ಪ ನಿಘಂಟಿಗೆ ಹೊಸ ರಟ್ಟು ಹಾಕಿಸಿದ.

ಹೀಗಿರುವಾಗ ತೊಂಬತ್ತೆಂಟರ ಮೇ ತಿಂಗಳಲ್ಲಿ ಹಂಪಮ್ಮ ಬಂದಳು.

ಹಂಪಮ್ಮನದು ಹಂಪಸಾಗರದ ರಸ್ತೆಯಲ್ಲಿರುವ ಮ್ಯಾಗಳಹಟ್ಟಿ. ಅರಣ್ಯ ಇಲಾಖೆಯ ಸಸಿತೋಟದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಎದುರು ಕೂತು, ಕೇಳುವ ಮೊದಲೇ ಹೇಳಿದಳು:

“ನಮ್ಮ ಕ್ರಾಸಿನಾಗ ದೊಡ್ಡ ಕಲ್ಲೈತಲ್ಲ, ಅಲ್ಲಿ ಬಸ್ಸು ನಿಲ್ಲಬೇಕು ಯಪ್ಪಾ, ಅಷ್ಟಾ. ನನ್ನ ಮಗಳು ಕೋಮಲಾ ಏಳನೆತ್ತಿ ಫಸ್ಟ್ ಕ್ಲಾಸಿನಾಗ ಪಾಸಾಗ್ಯಾಳ. ಎಂಟನೆತ್ತಿಗೆ ಇಲ್ಲಿ ಹೈಸ್ಕೂಲಿಗೆ ಬರಬೇಕು. ನಮ್ಮ ಹಟ್ಟ್ಯಾಗ ಎಂಟನೆತ್ತಿ ಕಂಡ ಹೆಣ್ಣುಮಗಳು ಒಬ್ಬಾಕಿನೂ ಇಲ್ಲ.”

ಮುಂಜಾನೆಯ ಬಸ್ಸು ಆ ದಾರಿಯಲ್ಲೇ ಹೋಗುತ್ತಿತ್ತು. ಆದರೆ ಅಲ್ಲಿ ನಿಲುಗಡೆ ಇರಲಿಲ್ಲ. ಕೈ ಮಾಡಿದರೆ ಕೆಲವು ಡ್ರೈವರುಗಳು ದಯೆಯಿಂದ ನಿಲ್ಲಿಸುತ್ತಿದ್ದರು, ಕೆಲವರು ಇಲ್ಲ. ದಿನಾ ಶಾಲೆಗೆ ಹೋಗುವ ಹುಡುಗಿ ಡ್ರೈವರನ ದಯೆ ನಂಬಿ ಹೊರಡುವುದು ಹೇಗೆ?

ಸೋಮಪ್ಪ ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತ ಆಗಲೇ ಎಚ್ ಅಕ್ಷರದ ಪುಟ ತೆರೆದಿದ್ದ. ಬಸ್ ಡಿಪೋದ ಮ್ಯಾನೇಜರ್ ಗುರುಬಸವರಾಜ, ಅಂದರೆ ಜಿ. ಎಚ್‌ನಿಂದ ಹೊರಟು ಜಿ ಸಿಗಬೇಕು. ಸ್ವಲ್ಪ ಹೊತ್ತಿನಲ್ಲೇ ‘ಹ್ಯಾಂಡ್‌ರೈಟಿಂಗ್’ ಸಿಕ್ಕಿತು. ಹನ್ನೊಂದು ಅಕ್ಷರ. ಹೆಣ್ಣುಮಗಳ ವಿದ್ಯೆಯ ವಿಷಯ, ಇನ್ನೂ ಮುಂದಕ್ಕೆ ಹೋಗು ಎಂದು ಗಾದಿಲಿಂಗಪ್ಪ ಹುರಿದುಂಬಿಸಿದ. ಹಂಪಮ್ಮ ಅರ್ಧ ದಿನದ ಕೆಲಸ ಬಿಟ್ಟು ಕಾದಳು. ಊಟದ ಹೊತ್ತಿಗೆ ಸೋಮಪ್ಪನ ಬೆರಳು ಒಂದು ಪದದ ಮೇಲೆ ನಿಂತಿತು. ‘ಹೈರೋಗ್ಲಿಫಿಕ್ಸ್’. ಅದನ್ನು ಹೇಗೆ ಉಚ್ಚರಿಸುವುದೆಂಬುದು ಅವನಿಗೆ ತಿಳಿಯಲಿಲ್ಲ. ಎಣಿಸುವುದಕ್ಕೆ ಉಚ್ಚಾರ ಬೇಕಿರಲಿಲ್ಲ. ಹದಿಮೂರು ಅಕ್ಷರ. ನಡುವೆ ಜಿ, ಅತ್ತಿತ್ತ ಎರಡು ಎಚ್. ಒಂದು ಹಂಪಮ್ಮನದು, ಇನ್ನೊಂದು ಹಂಪಸಾಗರದ ರಸ್ತೆಯದು. ಮ್ಯಾನೇಜರರನ್ನು ಎರಡು ಕಡೆಯಿಂದ ಪಲ್ಲಕ್ಕಿಯಲ್ಲಿ ಹೊತ್ತಂತಾಯಿತು ಎಂದು ಗಾದಿಲಿಂಗಪ್ಪ ಕೈಮುಗಿದ.

ಸೋಮಪ್ಪ ಬರೆದ: ‘ಮ್ಯಾಗಳಹಟ್ಟಿ ಕ್ರಾಸಿನಲ್ಲಿ ದೊಡ್ಡ ಕಲ್ಲೊಂದಿದ್ದು, ಸದರಿ ಕಲ್ಲಿನ ಬಳಿ ಹೈರೋಗ್ಲಿಫಿಕ್ಸ್ ಪ್ರಯುಕ್ತ ತಾವು ದಯಮಾಡಿ ಸೂಕ್ತ ಕ್ರಮ ಜರುಗಿಸಬೇಕಾಗಿ ವಿನಂತಿ.’ ಪದದ ಕೆಳಗೆ ಎರಡು ಕೆಂಪು ಗೆರೆ ಎಳೆದ. ಹಂಪಮ್ಮ ಹೆಬ್ಬೆಟ್ಟು ಒತ್ತಿದಳು.

ಡಿಪೋ ಮ್ಯಾನೇಜರ್ ಗುರುಬಸವರಾಜರು ಒಳ್ಳೆಯವರು. ಕಾಗದದ ಮೇಲೆ ಬರೆದದ್ದನ್ನೆಲ್ಲ ನಿಜವೆಂದು ನಂಬುವುದೊಂದೇ ಅವರ ದೋಷ. ಅವರು ಅರ್ಜಿ ಓದಿ, ತಮ್ಮ ಬಳಿಯಿದ್ದ ನಿಘಂಟಿನಲ್ಲಿ ಪದದ ಅರ್ಥ ನೋಡಿ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಹಳೆಯ ಕಾಲದ ಚಿತ್ರದ ಬರಹ. ಹಂಪಿಯ ಕಡೆಯ ಸೀಮೆ ಇದು, ಯಾವ ಕಲ್ಲಿನಲ್ಲಿ ಏನಿದೆಯೋ ಯಾರು ಬಲ್ಲರು? ನಾಳೆ ಬಸ್ಸಿನ ಚಕ್ರ ತಾಗಿ ಅದರ ಚೂರು ಹಾರಿದರೆ ಉತ್ತರ ಹೇಳಬೇಕಾದವರು ತಾವು. ಹಳೆಯ ಕಲ್ಲು, ಹಳೆಯ ಗುಡಿ ನೋಡಿಕೊಳ್ಳುವ ಕಚೇರಿಗೆ ಅರ್ಜಿಯ ನಕಲು ಕಳಿಸಿ, ವರದಿ ಬರುವವರೆಗೆ ಆ ಕ್ರಾಸಿನಲ್ಲಿ ಯಾವ ಬಸ್ಸನ್ನೂ ನಿಲ್ಲಿಸಕೂಡದೆಂದು ಡ್ರೈವರುಗಳಿಗೆ ಸೂಚನೆ ಹಚ್ಚಿದರು.

ಮೇ ಕೊನೆಯಲ್ಲಿ ಮ್ಯಾಗಳಹಟ್ಟಿಗೆ ಜೀಪು ಬಂತು. ಟೇಪು, ಬ್ರಷ್ಷು, ದೊಡ್ಡ ಕಾಗದದ ಸುರುಳಿ ಹಿಡಿದ ಇಬ್ಬರು ಇಳಿದರು. ಹಂಪಮ್ಮ ಸಸಿತೋಟದಲ್ಲಿದ್ದಳು. ಹಟ್ಟಿಯ ಉಳಿದವರೆಲ್ಲ ಕಲ್ಲಿನ ಸುತ್ತ ಇದ್ದರು. ಇಲ್ಲಿ ಚಿತ್ರಲಿಪಿ ಇದೆಯಂತಲ್ಲ, ಮೊದಲು ನೋಡಿದವರು ಯಾರು ಎಂದು ಬಂದವರು ಕೇಳಿದರು. ಹಿರಿಯ ಬೆನಕಪ್ಪ ಮುಂದೆ ಬಂದು ಗಂಭೀರವಾಗಿ ಹೇಳಿದ:

“ಬೊಮ್ಮನಹಳ್ಳ್ಯಾಗ ಸೋಮಪ್ಪ ಅಂತ ಅದಾನ್ರಿ. ಅಲ್ಲೇ ಮರದ ಕೆಳಗ ಕುಂತು ಕಂಡಾನ.”

ಕಲ್ಲಿನ ಮೇಲೆ ನಿಜವಾಗಿಯೂ ಗೆರೆಗಳಿದ್ದವು. ಉದ್ದ, ಅಡ್ಡ, ಒಂದರ ಮೇಲೊಂದು. ಬಂದವರು ಬ್ರಷ್ಷಿನಿಂದ ಧೂಳು ಕೊಡವಿ, ಕಾಗದ ಹಚ್ಚಿ ಆ ಗೆರೆಗಳನ್ನೆಲ್ಲ ಅಚ್ಚು ಇಳಿಸಿಕೊಂಡು ಹೋದರು. ಅವರು ಹೋದ ಮೇಲೆ ಹಟ್ಟಿಗೆ ಕೆಲಸ ಹತ್ತಿತು. ಬೆನಕಪ್ಪನಿಗೆ ತನ್ನ ಮುತ್ತಜ್ಜ ಆ ಕಲ್ಲಿನ ಮೇಲೆ ರಾಜನೊಬ್ಬನನ್ನು ಕೂಡಿಸಿ ನೀರು ಕೊಟ್ಟದ್ದು ನೆನಪಾಯಿತು. ಇನ್ನೊಬ್ಬರಿಗೆ ಕೆಳಗೆ ನಿಧಿ ಇರುವುದು ನೆನಪಾಯಿತು. ಯಾರೋ ಸುಣ್ಣದಲ್ಲಿ ಸುತ್ತ ಗೆರೆ ಎಳೆದರು, ಯಾರೋ ಕಾಯಿ ಒಡೆದರು. ಹಟ್ಟಿಯಲ್ಲಿ ಸಿಕ್ಕಿದ ಬೇರೆ ಕಲ್ಲುಗಳನ್ನೂ ತೊಳೆದು ಸಾಲಾಗಿ ಇಟ್ಟರು, ಮುಂದಿನ ಸಲ ಜೀಪು ಬಂದರೆ ಒಂದೇ ಸುತ್ತಿನಲ್ಲಿ ನೋಡಿಕೊಂಡು ಹೋಗಲಿ ಎಂದು.

ಜೂನ್ ಒಂದರಂದು ಶಾಲೆ ಶುರುವಾಯಿತು. ಕೋಮಲಾ ಹೊಸ ರಿಬ್ಬನ್ ಕಟ್ಟಿಕೊಂಡು ಕ್ರಾಸಿಗೆ ಬಂದು ಕೈ ಮಾಡಿದಳು. ಮೊದಲು ದಯೆ ತೋರುತ್ತಿದ್ದ ಡ್ರೈವರುಗಳು ಕೂಡ ಈಗ ಕಲ್ಲು ಕಂಡ ಕೂಡಲೇ ಮುಖ ತಿರುಗಿಸಿ ವೇಗ ಹೆಚ್ಚಿಸಿದರು. ಮರುದಿನ ತಾಯಿ ಮಗಳು ಎರಡು ಮೈಲಿ ಹಿಂದಕ್ಕೆ ನಡೆದು ಬೇರೆ ನಿಲುಗಡೆಯಲ್ಲಿ ಕಾದರು. ಅಲ್ಲಿಗೆ ಬರುವಷ್ಟರಲ್ಲಿ ಬಸ್ಸಿನ ಬಾಗಿಲಲ್ಲಿ ಜನ ಜೋತಾಡುತ್ತಿದ್ದರು. ಹತ್ತು ದಿನದಲ್ಲಿ ಕೋಮಲಾ ಶಾಲೆ ಕಂಡದ್ದು ಎರಡು ದಿನ. ಹದಿನೈದನೇ ತಾರೀಖಿನೊಳಗೆ ಸರಿಯಾಗಿ ಬರದಿದ್ದರೆ ಹೆಸರು ತೆಗೆದುಹಾಕುತ್ತೇವೆಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು.

ಹನ್ನೊಂದನೆಯ ದಿನ ಹಂಪಮ್ಮ ಮಗಳನ್ನು ಕರೆದುಕೊಂಡು ಬೇವಿನ ಮರದ ಕೆಳಗೆ ಬಂದಳು. ಅವಳು ಕೂಗಾಡುತ್ತಾಳೆಂದು ಸೋಮಪ್ಪ ತಯಾರಾಗಿದ್ದ. ಅವಳು ಕೂಗಾಡಲಿಲ್ಲ. ಆ ಇಂಗ್ಲಿಷ್ ಮಾತಿನ ಅರ್ಥವೇನು ಹೇಳಿರಿ ಎಂದಳು. ಸೋಮಪ್ಪ ನಿಘಂಟು ತೆರೆದು, ಅಭ್ಯಾಸಬಲದಿಂದ ಪಟ್ಟಿ ಇಟ್ಟು, ಪದ ತೋರಿಸಿದ. ಅದು ಹದಿಮೂರು ಅಕ್ಷರದ್ದೆಂದು ಹೇಳಿದ. ಕೋಮಲಾ ಬಗ್ಗಿ ನೋಡಿ, ಮೆಲ್ಲಗೆ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

“ತಾತಾ, ಇಲ್ಲಿ ಕನ್ನಡದಾಗ ಐತಲ್ಲ,” ಎಂದಳು. “ಪ್ರಾಚೀನ ಕಾಲದ ಚಿತ್ರಲಿಪಿ. ಸುಲಭವಾಗಿ ಅರ್ಥವಾಗದ ಬರಹ.”

ಸೋಮಪ್ಪ ಓದಿದ. ಅವಳು ಹೇಳಿದ್ದೇ ಇತ್ತು, ಸ್ಪಷ್ಟ ಕನ್ನಡದಲ್ಲಿ, ಒಂದು ವರ್ಷದಿಂದ ಅವನ ಬಲಗೈಯ ಕೆಳಗೇ ಇತ್ತು. ಅವನು ಪುಟ ತಿರುವಿ ಜೆ ಅಕ್ಷರಕ್ಕೆ ಹೋಗಿ ಜೋಗಪ್ಪನ ಪದ ನೋಡಿದ. ಮಡಚುವ ಚೂರಿ. ಇನ್ನೊಂದು ಪುಟ ತಿರುವಿದ, ಇನ್ನೊಂದು. ಗಾದಿಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಪಂಚಾಂಗವನ್ನು ಚೀಲಕ್ಕೆ ಹಾಕಿ, ತನಗೆ ಚಹಾದ ಹೊತ್ತಾಯಿತೆಂದು ಎದ್ದು ಹೋದ.

“ನಾ ಬಸ್ಸು ಕೇಳಿದ್ನಿ ಯಪ್ಪಾ,” ಎಂದಳು ಹಂಪಮ್ಮ. “ಅದನ್ನ ಎಲ್ಲಿ ಬರದ್ರಿ?”

ಅರ್ಜಿಯ ಒಕ್ಕಣೆ ಸೋಮಪ್ಪನಿಗೆ ಬಾಯಿಪಾಠ ಇತ್ತು. ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ಓದಿಕೊಂಡ. ಕಲ್ಲಿತ್ತು, ಕ್ರಾಸಿತ್ತು, ದಯಮಾಡಿ ಇತ್ತು, ಸೂಕ್ತ ಕ್ರಮ ಇತ್ತು. ಬಸ್ಸು ಎಲ್ಲಿಯೂ ಇರಲಿಲ್ಲ. ಅವನು ನಿಘಂಟು ಮುಚ್ಚಿ, ಮೇಜನ್ನು ಹಾಗೆಯೇ ಬಿಟ್ಟು ಎದ್ದು ನಿಂತ. ನಡಿಯವ್ವಾ ಎಂದ.

ಇಪ್ಪತ್ತೆರಡು ವರ್ಷದಲ್ಲಿ ಸಾವಿರಗಟ್ಟಲೆ ಕಾಗದಗಳನ್ನು ಒಳಗೆ ಕಳಿಸಿದ್ದ ಸೋಮಪ್ಪ ಯಾವ ಸಾಹೇಬರ ಕೋಣೆಯ ಒಳಗೂ ಹೋದವನಲ್ಲ. ಡಿಪೋ ಮ್ಯಾನೇಜರರ ಎದುರು ನಿಂತು ತಪ್ಪಾಯಿತೆಂದು ಹೇಳಲು ಬಾಯಿ ತೆರೆದರೆ ಅರ್ಜಿಯೇ ಹೊರಬಂತು. “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಸೋಮಪ್ಪನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,” ಎಂದು ಶುರುಮಾಡಿ, ಏನೆಂದರೆ ಎಂಬಲ್ಲಿಗೆ ಬಂದು ನಿಂತುಬಿಟ್ಟ. ಗುರುಬಸವರಾಜರು ಅವನು ಮುಂದುವರಿಯಲೆಂದು ಕಾದರು. ಅವನು ಮತ್ತೆ ಮಾನ್ಯರೇ ಎಂದ.

ಹಂಪಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಆ ಗೆರಿ ನಾನಾ ಹಾಕಿದ್ದು ಸಾಹೇಬ್ರ. ಕುಡುಗೋಲು ಮಸದು ಮಸದು ಬಿದ್ದಾವ. ನನಗಿಂತ ಮೊದಲು ನಮ್ಮವ್ವನೂ ಅಲ್ಲೇ ಮಸೀತಿದ್ಲು. ಅದರಾಗ ಓದಾಕ ಏನೂ ಇಲ್ಲ. ನನ್ನ ಮಗಳು ಓದಬೇಕು, ಅದಕ್ಕ ಬಸ್ಸು ನಿಲ್ಲಬೇಕು.”

ಗುರುಬಸವರಾಜರು ಮೇಜಿನ ಮೇಲಿನ ಕಟ್ಟು ಬಿಚ್ಚಿ ಒಂದು ಕಾಗದ ತೆಗೆದರು. ಕಲ್ಲಿನ ಕಚೇರಿಯಿಂದ ಹಿಂದಿನ ದಿನ ಬಂದ ಉತ್ತರ ಅದು. ಗೆರೆಗಳು ಯಾವ ಲಿಪಿಗೆ ಸೇರಿದವೆಂದು ತಿಳಿಯುತ್ತಿಲ್ಲ, ಇನ್ನೂ ಆರು ತಿಂಗಳು ಕಾಲಾವಕಾಶ ಬೇಕೆಂದು ಬರೆದಿದ್ದರು. ಮ್ಯಾನೇಜರರು ಅದನ್ನು ಮಡಿಸಿಟ್ಟು, ಬಾಯಿಮಾತಿನ ಮೇಲೆ ಬಸ್ಸು ನಿಲ್ಲಿಸಲು ಬರುವುದಿಲ್ಲ, ಇದನ್ನೇ ಬರೆದುಕೊಡಿ ಎಂದರು.

ಸೋಮಪ್ಪ ಅಲ್ಲೇ ನಿಂತು, ಮೇಜಿನ ಮೂಲೆಯಲ್ಲಿ ಕಾಗದವಿಟ್ಟು ಬರೆದ. ಹಂಪಮ್ಮ ಹೇಳಿದ ಹಾಗೆಯೇ ಬರೆದ. ಸದರಿ ಎಂದು ಬರೆಯಲು ಎರಡು ಸಲ ಕೈ ಹೋಯಿತು, ತಡೆದುಕೊಂಡ. ಮುಂಜಾನೆ ಬಸ್ಸು ಕ್ರಾಸಿನಲ್ಲಿ ನಿಲ್ಲಬೇಕು, ಮಗಳು ಹತ್ತಬೇಕು. ಕುಡುಗೋಲಿನ ಮಾತು ಸೇರಿ ಐದು ಸಾಲು. ಅವನ ಜೀವಮಾನದಲ್ಲೇ ಅಷ್ಟು ಚಿಕ್ಕ ಅರ್ಜಿ ಬರೆದಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಹಂಪಮ್ಮ ಕಾಗದವನ್ನು ಎತ್ತಿ ನೋಡಿದಳು. ಅವಳಿಗೆ ಓದಲು ಬಾರದು, ಆದರೆ ಕೆಂಪು ಗೆರೆ ಇಲ್ಲದ್ದು ಕಾಣುತ್ತಿತ್ತು.

“ಇಂಗ್ಲಿಷ್ ಎಲ್ಲಿ?” ಎಂದಳು. ಬೇಡವೆಂದು ಸೋಮಪ್ಪ ಪಿಸುಗುಟ್ಟಿದ. ಅವಳ ಮುಖ ಸಣ್ಣದಾಯಿತು. “ಎಲ್ಲಾರ ಅರ್ಜಿಗೂ ಹಾಕಿ ಕೊಟ್ಟೀರಿ. ನಂದೊಂದು ಬೋಳು ಹೋಗಬೇಕಾ?”

ಗುರುಬಸವರಾಜರು ಕಾಗದ ಎಳೆದುಕೊಂಡು, ತಮ್ಮ ಕೆಂಪು ಪೆನ್ನಿನಿಂದ ಅರ್ಜಿಯ ನೆತ್ತಿಯ ಮೇಲೆ ‘ರಿಕ್ವೆಸ್ಟ್ ಸ್ಟಾಪ್’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಕೇಳಿದವರಿಗೆ ನಿಲ್ಲಿಸುವ ಜಾಗಕ್ಕೆ ನಮ್ಮಲ್ಲಿ ಹೀಗೇ ಬರೆಯುವುದು ಎಂದು ವಿವರಿಸಿದರು. ಸೋಮಪ್ಪನ ಬೆರಳುಗಳು ತಾವಾಗಿಯೇ ಎಣಿಸಿಬಿಟ್ಟಿದ್ದವು. ಎರಡೂ ಪದ ಸೇರಿ ಹನ್ನೊಂದು. ಎಚ್ ಇಲ್ಲ, ಜಿ ಇಲ್ಲ. ಸುಮ್ಮನಿರಬೇಕಿತ್ತು, ಆದರೆ ಒಂದು ವರ್ಷದ ನಂಬಿಕೆ ಅಷ್ಟು ಬೇಗ ಬಾಯಿ ಮುಚ್ಚುವುದಿಲ್ಲ. ಅವನು ಹಂಪಮ್ಮನ ಕಿವಿಯಲ್ಲಿ ಹೇಳಿದ. ಹಂಪಮ್ಮ ಮ್ಯಾನೇಜರರನ್ನೇ ಕೇಳಿದಳು:

“ಇದರಾಗ ನನ್ನ ಅಕ್ಷರನೂ ಇಲ್ಲಂತ, ನಿಮ್ದೂ ಇಲ್ಲಂತ. ಹೆಂಗ ನಿಲ್ತೈತ್ರಿ ಸಾಹೇಬ್ರ?”

“ಡ್ರೈವರ್ ಬ್ರೇಕ್ ಒತ್ತಿದ್ರ ನಿಲ್ತೈತವ್ವಾ,” ಎಂದರು ಗುರುಬಸವರಾಜರು.

ಹದಿನೈದನೇ ತಾರೀಖು ಸೋಮವಾರ. ಅರ್ಜಿ ಬರೆದುಕೊಟ್ಟ ಮೇಲೆ ಅದು ಏನಾಯಿತೆಂದು ಯಾವತ್ತೂ ಹಿಂತಿರುಗಿ ನೋಡದಿದ್ದ ಸೋಮಪ್ಪ ಅಂದು ಮುಂಜಾನೆ ಹಾಲಿನ ಗಾಡಿ ಹತ್ತಿ ಮ್ಯಾಗಳಹಟ್ಟಿ ಕ್ರಾಸಿಗೆ ಬಂದು ನಿಂತಿದ್ದ. ಹಟ್ಟಿಯ ಜನವೂ ನಿಂತಿತ್ತು. ಬಸ್ಸು ಕಾಣಿಸಿಕೊಂಡಿತು, ಹತ್ತಿರ ಬಂತು. ಕೋಮಲಾ ಕೈ ಎತ್ತಿದಳು. ಬಸ್ಸು ನಿಂತಿತು.

ನಿಂತ ಬಸ್ಸಿನಿಂದ ಜನ ಇಳಿಯತೊಡಗಿದರು. ಅಕ್ಷರ ಮೂಡಿದ ಕಲ್ಲಿನ ಸುದ್ದಿ ಹಡಗಲಿಯ ತನಕ ಮುಟ್ಟಿತ್ತು. ಎಷ್ಟೋ ದಿನದಿಂದ ಕಿಟಕಿಯಿಂದಲೇ ನೋಡಿಕೊಂಡು ಹೋಗುತ್ತಿದ್ದವರಿಗೆ ಇವತ್ತು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತ್ತು. ಕಂಡಕ್ಟರ್ ಸೀಟಿ ಊದಿದ, ಡ್ರೈವರ್ ಹಾರನ್ ಒತ್ತಿದ, ಕೊನೆಗೆ ಅವರಿಬ್ಬರೂ ಇಳಿದು ಬಂದು ನೋಡಿದರು. ಸೋಮಪ್ಪ ಜನರ ನಡುವೆ ತೂರಿ, ಅದು ಬರಹವಲ್ಲ, ಕುಡುಗೋಲು ಮಸೆದ ಗೆರೆ, ತಪ್ಪು ತನ್ನದು ಎಂದು ಒಬ್ಬೊಬ್ಬರ ಮುಂದೆಯೂ ಹೇಳಿದ. ಜನ ಅವನ ಕಡೆ ಕನಿಕರದಿಂದ ನೋಡಿದರು. ಇಂಗ್ಲಿಷ್ ಬಲ್ಲ ಸೋಮಪ್ಪನವರೇ ಕಂಡುಹಿಡಿದದ್ದಂತೆ, ಇವನ್ಯಾರೋ ಏನೋ ಹೇಳುತ್ತಾನೆ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು.

ಕೋಮಲಾ ಖಾಲಿ ಬಸ್ಸು ಹತ್ತಿ, ಇದ್ದ ಸೀಟುಗಳನ್ನೆಲ್ಲ ನೋಡಿ, ಕಿಟಕಿಯ ಪಕ್ಕದ್ದನ್ನು ಆರಿಸಿಕೊಂಡು ಕೂತಳು. ಹಂಪಮ್ಮ ಗಂಟಲು ಸರಿಮಾಡಿಕೊಂಡಳು.

“ಹತ್ರಿ ಎಲ್ಲಾರು. ನನ್ನ ಮಗಳ ಸಾಲಿಗೆ ಹೊತ್ತಾಗ್ತೈತಿ.”

ಕಲ್ಲಿನ ಸುತ್ತ ಬಗ್ಗಿದ್ದ ಬೆನ್ನುಗಳೆಲ್ಲ ಒಮ್ಮೆಲೇ ನೆಟ್ಟಗಾದವು. ಡ್ರೈವರನೇ ಮೊದಲು ಓಡಿದ. ಒಂದು ನಿಮಿಷದಲ್ಲಿ ಬಸ್ಸು ತುಂಬಿ, ಬಾಗಿಲು ಬಡಿದು, ಹೊರಟೇಹೋಯಿತು. ಧೂಳು ಇಳಿದ ಮೇಲೆ ನೋಡಿದರೆ ಸೋಮಪ್ಪ ರಸ್ತೆಯಲ್ಲೇ ಇದ್ದ. ಹತ್ತುವುದನ್ನೇ ಮರೆತಿದ್ದ.

ಸಸಿತೋಟ ಅದೇ ದಾರಿಯಲ್ಲಿತ್ತು. ಇಬ್ಬರೂ ನಡೆದರು. ಸುಮಾರು ದೂರ ಹಂಪಮ್ಮ ಬಸ್ಸು ಹೋದ ಕಡೆಯೇ ನೋಡುತ್ತ ಬಂದಳು. ಆಮೇಲೆ ಏನೋ ನೆನಪಾದಂತೆ ನಿಂತು, ಸಂಜೆ ಮಗಳು ಹಿಂದಕ್ಕೆ ಬರುವಾಗ ಬಸ್ಸು ಕ್ರಾಸಿನಲ್ಲಿ ನಿಲ್ಲಬೇಕೆಂದು ಕಾಗದದಲ್ಲಿ ಬರೆದಿದ್ದೀರಲ್ಲ ಎಂದು ಕೇಳಿದಳು.

ಸೋಮಪ್ಪ ಐದೂ ಸಾಲನ್ನು ಮನಸ್ಸಿನಲ್ಲಿ ಓದಿಕೊಂಡ. ಅವಳು ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಪಕ್ಕದ ಮೈಲಿಗಲ್ಲಿನ ಮೇಲೆ ಕಾಗದ ಹಾಸಿ ಬಗ್ಗಿದ. ಶಾಲೆ ಬಿಡುವುದಕ್ಕೆ ಇನ್ನೂ ಎಂಟು ತಾಸು ಇತ್ತು.